ಮೇಕೆ ಮರಿ ಹಾಕುವಾಗ ಬರಿಗೈ ಬೇಡ

ಗುಬ್ಬಿ, ಕುಣಿಗಲ್ ಕಡೆ ಮೇಕೆ ಸಾಕುವ ಮನೆಗಳಲ್ಲಿ ಮರಿ ಹಾಕುವ ಕಾಲವೆಂದರೆ ರಾತ್ರಿಯೂ ಕೆಲಸವೇ. ಸುಮಾರು 150 ದಿನ ಗಬ್ಬವಾಗಿದ್ದ ಮೇಕೆಯ ಮರಿಯನ್ನು ಹಿಡಿದುಕೊಳ್ಳಬೇಕು, ಮೂಗು ಬಾಯಿ ಒರೆಸಬೇಕು, ಹೊಕ್ಕುಳಿಗೆ ಅಯೋಡಿನ್ ಹಚ್ಚಬೇಕು, ಬೇಗನೆ ಗಿಣ್ಣು ಹಾಲು ಕುಡಿಸಬೇಕು. ಇದೆಲ್ಲ ಬರಿಗೈಯಲ್ಲಿ ನಡೆದರೆ ಅಪಾಯ ನಿಮಗೆ.

ಕಂದು ಹಾಕುವ ರೋಗ, ಅಂದರೆ ಬ್ರುಸೆಲ್ಲೋಸಿಸ್ ಇರುವ ಮೇಕೆಯ ಮಾಸು, ನೀರು, ಹಾಲಿನಲ್ಲಿ ರೋಗಾಣು ಇರುತ್ತದೆ. ಕೈಯ ಗಾಯದಿಂದಲೂ ಹಸಿ ಹಾಲಿನಿಂದಲೂ ಅದು ಮನುಷ್ಯರಿಗೆ ಹತ್ತುತ್ತದೆ. 1887ರಲ್ಲಿ ಮಾಲ್ಟಾ ದ್ವೀಪದಲ್ಲಿ ಡೇವಿಡ್ ಬ್ರೂಸ್ ಈ ರೋಗಾಣುವನ್ನು ಕಂಡುಹಿಡಿದರು. ಅದರ ಮೂಲ ಮೇಕೆ ಎಂದು 1905ರಲ್ಲಿ ಜಮ್ಮಿತ್ ತೋರಿಸಿದರು.

ಬಂದು ಹೋಗಿ ಮತ್ತೆ ಬರುವ ಜ್ವರ, ರಾತ್ರಿ ಬೆವರು, ಸೊಂಟ ಮತ್ತು ಕೀಲು ನೋವು, ಸುಸ್ತು ಇದರ ಲಕ್ಷಣಗಳು. ಗರ್ಭಿಣಿಯರಿಗೆ ಗರ್ಭಪಾತವೂ ಆಗಬಹುದು. ತುಮಕೂರಿನ ನನ್ನ ದವಾಖಾನೆಗೆ ಇಂಥ ಜ್ವರದವರು ಬಂದರೆ ನಾನು ಮೊದಲು ಕೇಳುವುದು, "ಮನೆಯಲ್ಲಿ ಮೇಕೆ ಇದೆಯೇ? ಕಂದು ಹಾಕಿತ್ತೇ?"

ಯುನಾನಿ ವೈದ್ಯನಾಗಿಯೇ ಹೇಳುತ್ತೇನೆ: ಜೋಶಾಂದಾ ಕುಡಿದು ಈ ಜ್ವರದಲ್ಲಿ ದಿನ ದೂಡಬೇಡಿ. ರಕ್ತ ಪರೀಕ್ಷೆ ಮಾಡಿಸಿ. ಆ್ಯಂಟಿಬಯೋಟಿಕ್ ಮಾತ್ರೆಗಳನ್ನು ಸಾಮಾನ್ಯವಾಗಿ ಕನಿಷ್ಠ 6 ವಾರ ತೆಗೆದುಕೊಳ್ಳಬೇಕು. ಜ್ವರ ಬಿಟ್ಟಿತೆಂದು ನಡುವೆ ನಿಲ್ಲಿಸಿದರೆ ಮರುಕಳಿಸುತ್ತದೆ.

ಮರಿ ಹಿಡಿಯುವ ಮೊದಲು ಕೈಗವಸು ಹಾಕಿ, ಮೂಗು ಬಾಯಿಗೆ ಬಟ್ಟೆ ಕಟ್ಟಿ. ಗರ್ಭಿಣಿಯರು, ಮಕ್ಕಳು ದೂರವಿರಲಿ. ಮಾಸನ್ನು ನಾಯಿಗೆ ಎಸೆಯದೆ ಆಳ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿ. ಹಾಲನ್ನು ಚೆನ್ನಾಗಿ ಕುದಿಸಿಯೇ ಕುಡಿಯಿರಿ. ಮೇಕೆ ಕಂದು ಹಾಕಿದರೆ ಪಶುವೈದ್ಯರಿಗೆ ತಿಳಿಸಿ. ಅದನ್ನು ಗುಟ್ಟಾಗಿ ಸಂತೆಯಲ್ಲಿ ಮಾರಿದರೆ ರೋಗ ಇನ್ನೊಂದು ಮನೆಗೆ ಹೋಗುತ್ತದೆ.