ಹೆಬ್ಬೆರಳಿಗೆ ಸಿಕ್ಕ ಪ್ಲಸ್ ಗುರುತು

ವಿಡಿಯೋ ಗೇಮ್ ಕಂಟ್ರೋಲರಿನಲ್ಲಿ ಎಡ ಹೆಬ್ಬೆರಳಿನ ಕೆಳಗೆ ಬರುವ ಪ್ಲಸ್ ಆಕಾರದ ಗುಂಡಿ ಈಗಿನ ರೂಪಕ್ಕೆ ಬಂದದ್ದು 1982ರಲ್ಲಿ, ಜೇಬಿಗೆ ಹಿಡಿಸುವ ಒಂದು ಆಟಿಕೆಗಾಗಿ. ಜಪಾನಿನ ನಿಂಟೆಂಡೊ ಕಂಪನಿಯ ಗುನ್‌ಪೇ ಯೊಕೊಯಿ ಆಗ ‘ಡಾಂಕಿ ಕಾಂಗ್’ ಆಟವನ್ನು ಮಡಚಿಡುವ ಪುಟ್ಟ ಯಂತ್ರದೊಳಗೆ ಕೂರಿಸಲು ಹೊರಟಿದ್ದರು. ಅದಕ್ಕೂ ಮೊದಲು ಬಳಕೆಯಲ್ಲಿದ್ದವು 1972ರ ಮ್ಯಾಗ್ನವಾಕ್ಸ್ ಒಡಿಸ್ಸಿ ಎಂಬ ಗೇಮ್ ಯಂತ್ರದ ತಿರುವುವ ಗುಂಡಿಗಳು, ಆಮೇಲೆ ಅಟಾರಿ 2600ರ ಜೊತೆ ಬಂದ, ಕಾರಿನ ಗೇರ್ ಕೋಲಿನಂತೆ ಎದ್ದು ನಿಂತ ಜಾಯ್‌ಸ್ಟಿಕ್. ಕೋಲು ನಿಂತಿದ್ದರೆ ಯಂತ್ರ ಮಡಚದು. ಯೊಕೊಯಿ ಕೋಲನ್ನು ಬಿಟ್ಟು ಅದರ ನಾಲ್ಕು ದಿಕ್ಕುಗಳನ್ನಷ್ಟೇ ಒಂದು ಚಪ್ಪಟೆ ಪ್ಲಾಸ್ಟಿಕ್ ತುಂಡಿನಲ್ಲಿ ಉಳಿಸಿಕೊಂಡರು.

ಈ ತುಂಡು ನಡುವಿನ ಒಂದು ಆಸರೆಯ ಮೇಲೆ ಏತದ ಮರದಂತೆ ಆಡುತ್ತದೆ. ಎಡ ತುದಿ ಇಳಿದರೆ ಬಲ ತುದಿ ಏಳುವುದರಿಂದ ಎರಡನ್ನೂ ಒಟ್ಟಿಗೆ ಒತ್ತಲಾಗದು. ಕಣ್ಣು ಪರದೆಯ ಮೇಲಿದ್ದರೂ ಬೆರಳಿಗೆ ದಿಕ್ಕು ಗೊತ್ತಾಗುತ್ತದೆ. 1983ರ ಜುಲೈನಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ನಿಂಟೆಂಡೊದ ‘ಫ್ಯಾಮಿಕಾಮ್’ ಯಂತ್ರ ಇದನ್ನೇ ಮನೆಯ ಟಿವಿಗೆ ತಂದಿತು. ಅದರ ಮೊದಲ ಕಂಟ್ರೋಲರುಗಳಲ್ಲಿ ಎ ಮತ್ತು ಬಿ ಗುಂಡಿಗಳು ರಬ್ಬರಿನವು, ಚೌಕನೆಯವು. ಅವು ಒತ್ತಿದಲ್ಲೇ ಸಿಕ್ಕಿಕೊಳ್ಳುತ್ತಿದ್ದುದರಿಂದ ದುಂಡನೆಯ ಪ್ಲಾಸ್ಟಿಕ್ ಗುಂಡಿಗಳು ಬಂದವು.

ಒಳಗಿನ ಕೆಲಸ ಬಹಳ ಸರಳ. ಪ್ರತಿ ಗುಂಡಿಯ ಕೆಳಗೂ ಒಂದು ರಬ್ಬರ್ ಗುಮ್ಮಟ, ಅದರ ಒಳಮೈಗೆ ಇಂಗಾಲದ ಬಿಲ್ಲೆ. ಒತ್ತಿದಾಗ ಬಿಲ್ಲೆ ಕೆಳಗಿನ ಸರ್ಕ್ಯೂಟ್ ಬೋರ್ಡಿನ ಎರಡು ಗೆರೆಗಳನ್ನು ಕೂಡಿಸುತ್ತದೆ. ಯಂತ್ರ ಸೆಕೆಂಡಿಗೆ ಸುಮಾರು 60 ಸಲ ವಿಚಾರಿಸುತ್ತದೆ. ಕಂಟ್ರೋಲರಿನ ಚಿಪ್ ನಾಲ್ಕು ದಿಕ್ಕುಗಳೂ ಸೇರಿ ಎಂಟೂ ಗುಂಡಿಗಳ ಸ್ಥಿತಿಯನ್ನು ಒಂದೇ ತಂತಿಯಲ್ಲಿ ಸಾಲಾಗಿ ಒಪ್ಪಿಸುತ್ತದೆ. ಒತ್ತಿದೆ, ಇಲ್ಲವೇ ಒತ್ತಿಲ್ಲ, ಇಷ್ಟೇ ಉತ್ತರ. ಆಟದಲ್ಲಿ ಮಾರಿಯೋ ಹಳ್ಳ ಹಾರುವಾಗ ಮಕ್ಕಳು ಕಂಟ್ರೋಲರನ್ನೂ ಮೇಲಕ್ಕೆ ಎಳೆಯುತ್ತಿದ್ದರು, ಗುಂಡಿಯನ್ನು ಉಗುರು ಬೆಳ್ಳಗಾಗುವಷ್ಟು ಒತ್ತುತ್ತಿದ್ದರು. ಯಂತ್ರಕ್ಕೆ ಇದರ ಸುದ್ದಿಯೇ ಮುಟ್ಟುತ್ತಿರಲಿಲ್ಲ. ಬಿಲ್ಲೆ ಸವೆದ ಹಳೆಯ ಕಂಟ್ರೋಲರಿನಲ್ಲಿ ಮಾತ್ರ ಜೋರಾಗಿ ಒತ್ತುವುದಕ್ಕೆ ಅರ್ಥವಿತ್ತು.

1990ರ ದಶಕದಲ್ಲಿ ಭಾರತದ ಮನೆಗಳಿಗೆ ಬಂದ ಗೇಮ್ ಯಂತ್ರಗಳಲ್ಲಿ ಹೆಚ್ಚಿನವು ಫ್ಯಾಮಿಕಾಮ್‌ನ ನಕಲುಗಳು. ಕರ್ನಾಟಕದ ಮಕ್ಕಳಿಗೆ ಅದು ‘ಟಿವಿ ಗೇಮ್’, ಅದರ ಆಟಗಳು ‘ಕ್ಯಾಸೆಟ್’. ಅನೇಕ ನಕಲುಗಳಲ್ಲಿ ಟರ್ಬೊ ಗುಂಡಿಗಳೂ ಇದ್ದವು. ಒತ್ತಿ ಹಿಡಿದರೆ ಸಾಕು, ಸರ್ಕ್ಯೂಟೇ ಪಟಪಟನೆ ಒತ್ತಿದಂತೆ ತೋರಿಸುತ್ತಿತ್ತು. ‘ಕಾಂಟ್ರಾ’ ಆಟದಲ್ಲಿ ಗುಂಡು ಹಾರಿಸುವವರಿಗೆ ಇದೊಂದು ವರ. ಅದೇ ಆಟಕ್ಕೆ 30 ಜೀವ ಕೊಡುವ ಗುಟ್ಟೂ ಇತ್ತು: ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ, ಬಿ, ಎ, ಕೊನೆಗೆ ಸ್ಟಾರ್ಟ್. ಮಗ್ಗಿ ಮರೆತವರಿಗೂ ಇದು ನೆನಪಿರುವುದುಂಟು. ‘ಸೂಪರ್ ಮಾರಿಯೋ’ದಲ್ಲಿ ಓಡಲು ಬಿ, ಹಾರಲು ಎ, ಹೆಬ್ಬೆರಳ ತುದಿಯಿಂದ ಒಂದನ್ನು ಹಿಡಿದಿಟ್ಟು ಗೆಣ್ಣಿನಿಂದ ಇನ್ನೊಂದನ್ನು ಒತ್ತುವುದು ಯಾರೂ ಹೇಳಿಕೊಡದೆ ಬರುತ್ತಿದ್ದ ವಿದ್ಯೆ.

ಇದೇ ಯಂತ್ರದಲ್ಲಿ ಬಾತುಕೋಳಿ ಹೊಡೆಯುವ ಆಟಕ್ಕೆ ಬಳಸುತ್ತಿದ್ದ ಬಂದೂಕಿನ ಲೆಕ್ಕವೇ ಬೇರೆ. ಅದರಿಂದ ಏನೂ ಹೊರಡುವುದಿಲ್ಲ. ನಳಿಗೆಯೊಳಗೆ ಬೆಳಕನ್ನು ಗುರುತಿಸುವ ಭಾಗವಿದೆ. ಕುದುರೆ ಎಳೆದ ಕೂಡಲೇ ಪರದೆ ಕ್ಷಣಮಾತ್ರ ಕಪ್ಪಾಗಿ, ಬಾತುಕೋಳಿಯ ಜಾಗದಲ್ಲಿ ಬಿಳಿ ಚೌಕ ಮೂಡುತ್ತದೆ. ಮೊದಲು ಕತ್ತಲೆ, ಆಮೇಲೆ ಬೆಳಕು ಕಂಡರೆ ಗುರಿ ತಾಗಿದಂತೆ. ಒಡಿಸ್ಸಿಯ ಬಂದೂಕನ್ನು ದೀಪಕ್ಕೆ ಹಿಡಿದು ಮೋಸಗೊಳಿಸಬಹುದಿತ್ತು, ಇದನ್ನಲ್ಲ. ಹಳೆಯ ಪಿಕ್ಚರ್ ಟ್ಯೂಬ್ ಚಿತ್ರವನ್ನು ಬಂದ ತಕ್ಷಣವೇ ಬರೆಯುತ್ತಿತ್ತು. ಈಗಿನ ಚಪ್ಪಟೆ ಟಿವಿ ತುಸು ತಡಮಾಡುತ್ತದೆ. ಹಾಗಾಗಿ ಅದರ ಮುಂದೆ ಆ ಬಂದೂಕಿನ ಗುರಿ ಎಷ್ಟು ನೆಟ್ಟಗಿದ್ದರೂ ಬಾತುಕೋಳಿ ಹಾರಿಹೋಗುತ್ತದೆ.