ಅಡಿಗೆಮನೆಯ ಕಪಾಟಿಗೆ ಎಂಥ ಬಾಗಿಲು?

ಮನೆ ಕಟ್ಟುವವರು ಸಾಲದ ಹಣವನ್ನೆಲ್ಲ ಪಂಚಾಂಗಕ್ಕೂ ಛಾವಣಿಗೂ ಸುರಿದು, ಅಡಿಗೆಮನೆಯ ಕಪಾಟಿನ ಸರದಿ ಬರುವಾಗ ಕಿಸೆ ತಡಕುವುದನ್ನು ಬ್ಯಾಂಕಿನ ಕೌಂಟರಿನಲ್ಲಿ ಕುಳಿತು ಬೇಕಾದಷ್ಟು ನೋಡಿದ್ದೇನೆ. ಕೊನೆಗೆ ಅಂಗಡಿಯವನು ತೋರಿಸಿದ ಹೊಳೆಯುವ ಬಾಗಿಲನ್ನೇ ಒಪ್ಪಿ ಬರುತ್ತಾರೆ. ನಮ್ಮ ಕಾಸರಗೋಡಿಗೆ ಇದು ಆಗುವ ಮಾತಲ್ಲ. ಇಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ. ನಾವು ಆಟಿ ಎಂದರೂ ನೆರೆಮನೆಯವರು ಕರ್ಕಟಕ ಎಂದರೂ, ಆ ತಿಂಗಳಲ್ಲಿ ಒಗೆದ ಬಟ್ಟೆಯೇ ಒಣಗುವುದಿಲ್ಲ. ಇನ್ನು ಮರ ಒಣಗಿ ಇರುವುದೆಲ್ಲಿಂದ? ಆದ್ದರಿಂದ ನೀರು, ಗಾಳಿ, ಬೆಂಕಿ ಈ ಮೂರನ್ನು ನೋಡಿ ಬಾಗಿಲು ಆರಿಸಬೇಕು. ಒಂದೇ ಅಡಿಗೆಮನೆಯಲ್ಲಿ ಎರಡು ಮೂರು ನಮೂನೆ ಬಂದರೂ ನಷ್ಟವಿಲ್ಲ.

ಮೊದಲು ಗ್ಯಾಸ್ ಸಿಲಿಂಡರಿನ ಜಾಗ. ಅದು ಕಣ್ಣಿಗೆ ಕಾಣಬಾರದೆಂದು ಸಂದಿಲ್ಲದ ಬಾಗಿಲು ಹಾಕಿಸುವವರಿದ್ದಾರೆ. ಅಡಿಗೆಯ ಗ್ಯಾಸ್ ಗಾಳಿಗಿಂತ ಭಾರ. ಸೋರಿದರೆ ಮೇಲಕ್ಕೆ ಹೋಗದೆ ನೆಲ ಹಿಡಿದು ಹರಡುತ್ತದೆ. ಮುಚ್ಚಿದ ಕಪಾಟಿನಲ್ಲಾದರೆ ಒಳಗೇ ತುಂಬಿಕೊಳ್ಳುತ್ತದೆ, ವಾಸನೆ ನಮ್ಮ ಮೂಗಿಗೆ ತಡವಾಗಿ ಬರುತ್ತದೆ. ಆಮೇಲೆ ಒಂದು ಕಿಡಿ ಸಾಕು. ಸಿಲಿಂಡರಿಗೆ ಬಾಗಿಲೇ ಇಲ್ಲದಿದ್ದರೆ ಬಹಳ ಒಳ್ಳೆಯದು. ಬೇಕೇ ಬೇಕೆಂದಾದರೆ ಓರೆ ಪಟ್ಟಿಗಳನ್ನು ಜೋಡಿಸಿದ ಬಾಗಿಲು ಹಾಕಿಸಿ, ನೆಲದ ಮಟ್ಟದಲ್ಲಿ ಗಾಳಿ ಆಡುವಷ್ಟು ಸಂದು ಬಿಡಿಸಿ. ರೆಗ್ಯುಲೇಟರಿಗೆ ಕೈ ಥಟ್ಟನೆ ತಲುಪಬೇಕು. ಈ ವಿಷಯದಲ್ಲಿ ಚಂದದ ಮಾತು ಬೇಡ.

ಎರಡನೆಯದು ಪಾತ್ರೆ ತೊಳೆಯುವ ಸಿಂಕಿನ ಕೆಳಗಿನ ಬಾಗಿಲು. ಎಲ್ಲಕ್ಕಿಂತ ಮೊದಲು ಹಾಳಾಗುವುದು ಇದೇ. ಎಂ.ಡಿ.ಎಫ್. ಎಂಬುದು ಮರದ ನಾರನ್ನು ಅಂಟು ಬೆರೆಸಿ ಒತ್ತಿ ಮಾಡಿದ ಹಲಗೆ. ನುಣುಪಾಗಿದೆ, ಬಣ್ಣ ಚೆನ್ನಾಗಿ ಹಿಡಿಯುತ್ತದೆ, ಕ್ರಯವೂ ಕಡಿಮೆ. ಆದರೆ ಅಂಚಿನಿಂದ ನೀರು ಹೊಕ್ಕಿತೆಂದರೆ ನೆನೆದ ರೊಟ್ಟಿಯ ಹಾಗೆ ಉಬ್ಬುತ್ತದೆ, ಒಣಗಿದ ಮೇಲೂ ಮೊದಲಿನ ಹಾಗಾಗುವುದಿಲ್ಲ. ಸಿಂಕಿನ ಕೆಳಗೆ ಅಲ್ಯುಮಿನಿಯಂ ಚೌಕಟ್ಟಿನ ಬಾಗಿಲಾಗಲಿ ಪಿ.ವಿ.ಸಿ. ಬಾಗಿಲಾಗಲಿ ಸಾಕು. ಒರಳೆಯ ಕಾಟವೂ ಇಲ್ಲ. ಪ್ಲೈವುಡ್ಡೇ ಬೇಕೆನ್ನುವವರು ಹಲಗೆಯ ಮೇಲೆ ಐ.ಎಸ್. 710 ಎಂಬ ಮುದ್ರೆ ನೋಡಿ ಕೊಳ್ಳಿ. ಅದು ಮೆರೈನ್ ಪ್ಲೈವುಡ್ಡಿನ ಗುರುತು. ಬಿಲ್ಲಿನಲ್ಲೂ ಹಾಗೆಯೇ ಬರೆಸಿಕೊಳ್ಳಿ. ಬಾಯಿಮಾತಿನ ಮೆರೈನಿಗೆ ಬೆಲೆಯಿಲ್ಲ. ಮೈಕಾ ಅಂಟಿಸುವಾಗ ಎರಡೂ ಬದಿಗೆ ಅಂಟಿಸಬೇಕು. ಹಿಂಬದಿ ಬರಿದಾಗಿ ಬಿಟ್ಟರೆ ಬಾಗಿಲು ಬಿಲ್ಲಿನಂತೆ ಬಾಗುತ್ತದೆ. ನಾಲ್ಕು ಅಂಚುಗಳನ್ನೂ ಮುಚ್ಚಿಸಬೇಕು, ಕಾಣದಿರುವ ಕೆಳ ಅಂಚನ್ನು ಮುಖ್ಯವಾಗಿ.

ಒಲೆಯ ಆಚೀಚೆಗೆ ಚಪ್ಪಟೆ ಬಾಗಿಲೇ ಲೇಸು. ಕೆತ್ತನೆಯ ಬಾಗಿಲು ಷೋರೂಮಿನಲ್ಲಿ ಅರಮನೆಯಂತೆ ಕಾಣುತ್ತದೆ. ನಮ್ಮಲ್ಲಿ ದಿನಕ್ಕೆ ಎರಡು ಹೊತ್ತು ತೆಂಗಿನೆಣ್ಣೆಯ ಒಗ್ಗರಣೆ; ಜಿಡ್ಡು ಆ ಗೆರೆಗಳಲ್ಲಿ ಕೂತು ಧೂಳು ಹಿಡಿಯುತ್ತದೆ. ಒರಸುವವರು ಯಾರೋ ಅವರನ್ನು ಕೇಳಿ ನಮೂನೆ ನಿಶ್ಚಯಿಸುವುದು ನ್ಯಾಯ. ಗಂಡಸರು ಹೋಗಿ ಆರಿಸಿ ಬಂದ ಬಾಗಿಲು ಬಹುತೇಕ ಕೆತ್ತನೆಯದೇ ಆಗಿರುತ್ತದೆ.

ಹಿತ್ತಿಲ ಹಲಸಿನ ಹಲಗೆ, ಹೆಬ್ಬಲಸಿನ ಹಲಗೆ ಇಟ್ಟುಕೊಂಡವರು ಅದನ್ನು ಬಿಟ್ಟು ಪೇಟೆಗೆ ಓಡಬೇಕಾಗಿಲ್ಲ. ಒಲೆಗೂ ಸಿಂಕಿಗೂ ದೂರದ ಕಪಾಟುಗಳಿಗೆ ಚೌಕಟ್ಟು ಮಾಡಿ ನಡುವೆ ಹಲಗೆ ಕೂರಿಸಿದ ಹಳೇ ಕ್ರಮದ ಬಾಗಿಲು ಚೆನ್ನಾಗಿ ಬಾಳುತ್ತದೆ. ಮರ ಮಳೆಗಾಲದಲ್ಲಿ ಅಗಲಕ್ಕೆ ಹಿಗ್ಗುತ್ತದೆ, ಬೇಸಗೆಯಲ್ಲಿ ಕುಗ್ಗುತ್ತದೆ. ಉದ್ದಕ್ಕೆ ಹೆಚ್ಚು ಬದಲಾಗುವುದಿಲ್ಲ. ಹಾಗಾಗಿ ಚೌಕಟ್ಟಿನ ಒಳಗೆ ತೋಡು ಕೊರೆದು, ನಡುವಿನ ಹಲಗೆಯನ್ನು ಅಂಟು ಹಾಕದೆ ಸ್ವಲ್ಪ ಎಡೆಬಿಟ್ಟು ಕೂರಿಸಬೇಕು. ಅನುಭವಿ ಆಚಾರಿಗಳಿಗೆ ಇದು ಹೇಳಿಕೊಡಬೇಕಾದ ಸಂಗತಿಯಲ್ಲ. ಆದರೆ ಈಗ ಆತುರದ ಕೆಲಸವೇ ಹೆಚ್ಚು. ಅಂಟು ಹಾಕಿ ಬಿಗಿದರೆ ಹಲಗೆ ಸೀಳುತ್ತದೆ, ಇಲ್ಲವೇ ಚೌಕಟ್ಟಿನ ಮೂಲೆ ಬಿಡುತ್ತದೆ. ಮರ ಚೆನ್ನಾಗಿ ಒಣಗಿರಲೇಬೇಕು.

ಕಡೆಯದಾಗಿ ಬಿಜಾಗರಿ. ಕಡಲ ಬದಿಯ ಉಪ್ಪುಗಾಳಿಗೆ ಸಾದಾ ಕಬ್ಬಿಣದ್ದು ಬೇಗ ತುಕ್ಕು ಹಿಡಿಯುತ್ತದೆ, ಸ್ಟೇನ್‌ಲೆಸ್ ಸ್ಟೀಲಿನದೇ ಹಾಕಿಸಿ. ಮೂರಡಿಗಿಂತ ಎತ್ತರದ ಬಾಗಿಲಿಗೆ ಎರಡರ ಬದಲು ಮೂರು ಬೇಕು. ಕೆಲಸ ಮುಗಿದ ದಿನ ಪ್ರತಿ ಬಾಗಿಲನ್ನೂ ನೀವೇ ತೆರೆದು ಮುಚ್ಚಿ, ಕೈಯಾಡಿಸಿ ಕೆಳ ಅಂಚು ನೋಡಿ, ಆಮೇಲೆ ಬಾಕಿ ಹಣ ಎಣಿಸಿಕೊಡಿ.