ಕಥೆ ಬರೆಯಬೇಕೆನ್ನುವವರಿಗೆ

ನಮ್ಮ ಲೋಣಾವಳಾದಲ್ಲಿ ಹೊರಗೆ ಮರಾಠಿ, ಮನೆಯೊಳಗೆ ಕನ್ನಡ. ಆ ಮನೆಮಾತು ಹಿರಿಯರೊಡನೆಯೇ ಮುಗಿಯಬಾರದೆಂದರೆ ನಮ್ಮಲ್ಲಿ ಕಥೆಗಾರರು ಹುಟ್ಟಬೇಕು. ನೌಕರಿಯವರಿಗೆ ಬಿಡುವೆಲ್ಲಿ ಎನ್ನುವ ಓದುಗ ಬಂಧುಗಳು ಮಾಸ್ತಿಯವರನ್ನು ನೆನೆಯಬೇಕು. ಮೈಸೂರು ಸರಕಾರದ ಅಧಿಕಾರಿಗಳಾಗಿದ್ದುಕೊಂಡೇ ಅವರು 1920ರಲ್ಲಿ ‘ಕೆಲವು ಸಣ್ಣ ಕಥೆಗಳು’ ಹೊರತಂದರು. ಅವರ ‘ರಂಗನ ಮದುವೆ’ ಎದುರು ಕುಳಿತವರಿಗೆ ಹೇಳಿದಂತಿದೆ. ನಾವೂ ಹಾಗೆಯೇ ಆರಂಭಿಸೋಣ.

ಒಬ್ಬ ಮನುಷ್ಯ, ಅವನಿಗೊಂದು ಆಸೆ, ಅದಕ್ಕೊಂದು ಅಡ್ಡಿ. ಸಣ್ಣ ಕಥೆಗೆ ಇಷ್ಟು ಸಾಕು. ಘಾಟಿನ ಮಳೆಯನ್ನು ವರ್ಣಿಸುವ ಮೊದಲು, ಆ ಮಳೆಯಿಂದ ರೈಲು ತಡವಾಗಿ ಯಾರ ಕೆಲಸ ಕೆಟ್ಟಿತೆಂದು ಹೇಳಿರಿ. ಧಾರವಾಡದ ಅಜ್ಜಿ ಧಾರವಾಡದ ಮಾತನ್ನೇ ಆಡಲಿ. ಮೊಮ್ಮಗನ ಮಾತಿನಲ್ಲಿ ಮರಾಠಿ ಬೆರೆತರೆ ಬೆರೆಯಲಿ. ಬರೆದುದನ್ನು ಒಂದು ವಾರ ಮುಚ್ಚಿಡಿರಿ. ಬಳಿಕ ಮನೆಯವರೆದುರು ಗಟ್ಟಿಯಾಗಿ ಓದಿ, ನಾಲಿಗೆ ತಡವರಿಸಿದಲ್ಲಿ ತಿದ್ದಿರಿ, ಕೇಳುವವರು ಆಕಳಿಸಿದಲ್ಲಿ ಹೊಡೆದುಹಾಕಿರಿ.